ಹಾಯಿಹಗ್ಗಗಳ ದಾರಿ: ಡೆಕ್ ಸಲಕರಣೆಗಳ ಚರಿತ್ರೆ

ಹಾಯಿನೌಕೆಯನ್ನು ಮುನ್ನಡೆಸುವುದು ಗಾಳಿಯಾದರೂ ಆ ಗಾಳಿಯನ್ನು ಅಂಕೆಯಲ್ಲಿಡುವುದು ಹಗ್ಗ. ಹಾಯಿಯನ್ನು ಕಂಬಕ್ಕೆ ಏರಿಸುವ ಹಗ್ಗವನ್ನು ನಾವಿಕರು ಹ್ಯಾಲಿಯರ್ಡ್ ಎಂದೂ, ಏರಿದ ಹಾಯಿಯನ್ನು ಬಿಗಿದು ಅಥವಾ ಸಡಿಲಿಸಿ ಗಾಳಿಗೆ ಹೊಂದಿಸುವ ಹಗ್ಗವನ್ನು ಶೀಟ್ ಎಂದೂ ಕರೆಯುತ್ತಾರೆ. ಹಗ್ಗದ ದಿಕ್ಕು ಬದಲಿಸುವ ರಾಟೆ, ಎಳೆತಕ್ಕೆ ಬಲ ಕೂಡಿಸುವ ವಿಂಚ್, ಎಳೆದದ್ದನ್ನು ಹಿಡಿದಿಡುವ ಗೂಟ ಇವು ಡೆಕ್ಕಿನ ಯಾವ ಭಾಗದಲ್ಲಿವೆ ಎಂಬುದನ್ನು ಅನುಸರಿಸಿಯೇ ನಾವಿಕರು ಎಲ್ಲಿ ನಿಲ್ಲಬೇಕು, ಎಷ್ಟು ಮಂದಿ ಬೇಕು, ಎಷ್ಟು ಅಪಾಯಕ್ಕೆ ಮೈಯೊಡ್ಡಬೇಕು ಎಂಬುದು ನಿರ್ಧಾರವಾಗುತ್ತದೆ. ಆದ್ದರಿಂದ ಈ ಸಲಕರಣೆಗಳು ಬದಲಾದ ಮತ್ತು ಜಾಗ ಪಲ್ಲಟಿಸಿದ ಚರಿತ್ರೆಯನ್ನು ಹಡಗಿನ ಮೇಲಿನ ದುಡಿಮೆಯ ಚರಿತ್ರೆಯೆಂದೇ ಓದಬೇಕು.

ಯುರೋಪಿನ ಹಳೆಯ ದೊಡ್ಡ ಹಡಗುಗಳಲ್ಲಿ ಹಗ್ಗಗಳ ಕೊನೆ ಹಾಯಿಕಂಬದ ಬುಡಕ್ಕೆ ಅಥವಾ ಹಡಗಿನ ಅಂಚಿಗೆ ಇಳಿಯುತ್ತಿತ್ತು. ಅಲ್ಲಿ ಸಾಲಾಗಿ ತೂತು ಕೊರೆದ ಹಲಗೆಯೊಳಗೆ ನಿಲ್ಲಿಸಿದ ಗೂಟಗಳಿಗೆ ಹಗ್ಗವನ್ನು ಎಂಟರ ಆಕಾರದಲ್ಲಿ ಸುತ್ತಿ ನಿಲ್ಲಿಸುತ್ತಿದ್ದರು. ಆಪತ್ತು ಬಂದಾಗ ಗೂಟವನ್ನು ಮೇಲಕ್ಕೆಳೆದರೆ ಸುತ್ತೆಲ್ಲ ಒಮ್ಮೆಗೇ ಬಿಚ್ಚಿಕೊಳ್ಳುತ್ತಿತ್ತು. ಯಾವ ಗೂಟಕ್ಕೆ ಯಾವ ಹಗ್ಗ ಎಂಬುದು ಬಹುಮಟ್ಟಿಗೆ ಎಲ್ಲ ಹಡಗುಗಳಲ್ಲೂ ಒಂದೇ ಕ್ರಮದಲ್ಲಿ ಇರುತ್ತಿದ್ದುದರಿಂದ, ಹೊಸ ಹಡಗಿಗೆ ಸೇರಿದ ನಾವಿಕನೂ ಕತ್ತಲೆಯಲ್ಲಿ ತಡವರಿಸದೆ ಬೇಕಾದ ಹಗ್ಗವನ್ನು ಹಿಡಿಯಬಲ್ಲವನಾಗಿದ್ದನು. ಆದರೆ ಎಳೆಯುವ ಬಲವೆಲ್ಲ ಮನುಷ್ಯರ ತೋಳಿನದೇ ಆಗಿತ್ತು, ಆ ಬಲಕ್ಕೆ ನೆರವಾಗುತ್ತಿದ್ದುದು ಮುಖ್ಯವಾಗಿ ರಾಟೆ.

ಎಪ್ಪತ್ತನಾಲ್ಕು ಫಿರಂಗಿಗಳ ಒಂದು ಯುದ್ಧನೌಕೆಗೆ 900ಕ್ಕೂ ಹೆಚ್ಚು ರಾಟೆಗಳು ಬೇಕಾಗುತ್ತಿದ್ದವು. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಬೇಕಿತ್ತು. ಬಾವಿಯ ರಾಟೆಯಂತೆ ಇವೂ ಒಂದು ಕವಚ, ಅದರೊಳಗೆ ತಿರುಗುವ ಗಾಲಿ, ನಡುವೆ ಒಂದು ಅಚ್ಚು ಇಷ್ಟರಿಂದಲೇ ಆದವು. ಕವಚಕ್ಕೆ ಎಲ್ಮ್ ಮರವನ್ನೂ, ಗಾಲಿಗೆ ಲಿಗ್ನಂ ವೀಟೆ ಎಂಬ, ಎಣ್ಣೆಯಂಶವಿರುವ ಅತಿ ಗಟ್ಟಿ ಮರವನ್ನೂ ಬಳಸುತ್ತಿದ್ದರು. ಮಾರ್ಕ್ ಇಸಂಬಾರ್ಡ್ ಬ್ರುನೆಲ್ ರೂಪಿಸಿ, ಹೆನ್ರಿ ಮಾಡ್ಸ್‌ಲೆ ಲೋಹದಲ್ಲಿ ತಯಾರಿಸಿದ 45 ಯಂತ್ರಗಳು, ನೌಕಾ ಕಾಮಗಾರಿಗಳ ಅಧಿಕಾರಿ ಸ್ಯಾಮ್ಯುಯೆಲ್ ಬೆಂಥಮ್‌ನ ಬೆಂಬಲದಿಂದ 19ನೆಯ ಶತಮಾನದ ಮೊದಲ ದಶಕದಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಬಂದವು. ಒಂದು ಯಂತ್ರ ಮರದ ತುಂಡಿನಲ್ಲಿ ಅಚ್ಚಿನ ತೂತು ಕೊರೆದರೆ, ಮತ್ತೊಂದು ಉಳಿಯನ್ನು ಮೇಲೆ ಕೆಳಗೆ ಆಡಿಸಿ ಗಾಲಿಯ ಸೀಳನ್ನು ಕಡೆಯುತ್ತಿತ್ತು. ಮೂರನೆಯದು ಹತ್ತು ಕವಚಗಳನ್ನು ದೊಡ್ಡ ಚಕ್ರದ ಅಂಚಿನಲ್ಲಿ ಒಟ್ಟಿಗೆ ಬಿಗಿದು ತಿರುಗಿಸುತ್ತ ಅವುಗಳ ಮೈಯನ್ನು ಒಂದೇ ಬಾಗಿಗೆ ಕೆತ್ತುತ್ತಿತ್ತು. 1808ರಲ್ಲಿ ಅಲ್ಲಿ 1,30,000 ರಾಟೆಗಳು ತಯಾರಾದವು, 110 ನುರಿತ ಕುಶಲಕರ್ಮಿಗಳ ಕೆಲಸವನ್ನು ಹತ್ತು ಮಂದಿ ಮಾಡಿದರು. ಲೋಹದ ಯಂತ್ರೋಪಕರಣಗಳಿಂದ ಒಂದೇ ಬಗೆಯ ವಸ್ತುವನ್ನು ರಾಶಿಯಾಗಿ ತಯಾರಿಸುವ ಪದ್ಧತಿಗೆ ಹಡಗಿನ ಈ ಸಣ್ಣ ಸಲಕರಣೆ ಆರಂಭಸ್ಥಾನಗಳಲ್ಲೊಂದಾದದ್ದು ಕೈಗಾರಿಕೆಯ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಮುಂದಿನ ದೊಡ್ಡ ಬದಲಾವಣೆ ಪಂದ್ಯದ ನೌಕೆಗಳಿಂದ ಬಂತು. 1903ರಲ್ಲಿ ಅಮೆರಿಕಾಸ್ ಕಪ್ ಪಂದ್ಯಕ್ಕಾಗಿ ನಥನೇಲ್ ಹೆರೆಶಾಫ್ ರಚಿಸಿದ ರಿಲಾಯನ್ಸ್ ನೌಕೆ ಸುಮಾರು 16,000 ಚದರ ಅಡಿ ಹಾಯಿಯನ್ನು ಹೊತ್ತಿತ್ತು. ಅದರ ವಿಂಚ್‌ಗಳನ್ನು ಹೆರೆಶಾಫ್ ಡೆಕ್ಕಿನ ಕೆಳಗೆ ಇರಿಸಿದನು. ವಿಂಚ್ ಎಂದರೆ ಹಗ್ಗ ಸುತ್ತುವ ಉರುಳೆ; ಹಗ್ಗ ಮತ್ತು ಉರುಳೆಯ ನಡುವಿನ ಘರ್ಷಣೆ ಪ್ರತಿ ಸುತ್ತಿಗೂ ಹೆಚ್ಚುವುದರಿಂದ, ಮೂರು ನಾಲ್ಕು ಸುತ್ತು ಹಾಕಿದರೆ ಭಾರಿ ಎಳೆತದ ಹಗ್ಗದ ತುದಿಯನ್ನು ಒಂದು ಕೈಯಲ್ಲಿ ಹಿಡಿಯಬಹುದು, ಹಿಡಿಕೆ ಮತ್ತು ಹಲ್ಲುಗಾಲಿಗಳು ತಿರುಗಿಸುವ ಬಲವನ್ನು ಹಲವು ಪಟ್ಟು ಮಾಡುತ್ತವೆ. ಇಷ್ಟಿದ್ದೂ ರಿಲಾಯನ್ಸ್‌ಗೆ ಅರವತ್ತಕ್ಕೂ ಹೆಚ್ಚು ನಾವಿಕರು ಬೇಕಾಗಿದ್ದರು.

ಒಬ್ಬನೇ ನಾವಿಕನಿಗಾಗಿ ಡೆಕ್ಕನ್ನು ಮೊದಲಿನಿಂದ ಯೋಚಿಸಿ ಜೋಡಿಸಿದವರಲ್ಲಿ ಬ್ರಿಟನ್ನಿನ ಎಚ್. ಜಿ. ಹ್ಯಾಸ್ಲರ್ ಮುಖ್ಯನು. 25 ಅಡಿಯ ತನ್ನ ಜೆಸ್ಟರ್ ದೋಣಿಗೆ ಅವನು ಚೀನೀ ಜಂಕ್ ಮಾದರಿಯ ಹಾಯಿ ಕಟ್ಟಿ, ಎಲ್ಲ ಹಗ್ಗಗಳನ್ನೂ ನಡುವಿನ ಒಂದು ಕಿಂಡಿಯ ಬಳಿಗೆ ತಂದನು. 1960ರಲ್ಲಿ ನಡೆದ ಅಟ್ಲಾಂಟಿಕ್ ಏಕಾಂಗಿ ಪಂದ್ಯದಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ 40 ದಿನಗಳಲ್ಲಿ ಮೊದಲಿಗನಾದರೆ, ಹ್ಯಾಸ್ಲರ್ 48 ದಿನಗಳಲ್ಲಿ ಎರಡನೆಯವನಾದನು. ಗೆಲುವು ಇನ್ನೊಬ್ಬನದಾದರೂ, ಅಲೆ ತೊಳೆಯುವ ಡೆಕ್ಕಿನ ಮೇಲೆ ತೆವಳಿ ಕಂಬದ ಬುಡಕ್ಕೆ ಹೋಗದೆಯೇ ಸಾಗರ ದಾಟಬಹುದೆಂದು ತೋರಿಸಿದ್ದು ಜೆಸ್ಟರ್.

ಮುಂದಿನ ದಶಕಗಳಲ್ಲಿ ಈ ಯೋಚನೆ ಸಾಮಾನ್ಯ ದೋಣಿಗಳಿಗೂ ಇಳಿಯಿತು. ಗೋಲಿ ಬೇರಿಂಗಿನ ಹಗುರ ರಾಟೆಗಳು, ಹಗ್ಗದ ತುದಿಯನ್ನು ತಾನೇ ಹಿಡಿದುಕೊಳ್ಳುವ ವಿಂಚ್‌ಗಳು, ಸನ್ನೆಯೊಂದನ್ನು ಮಡಚಿದರೆ ಹಗ್ಗವನ್ನು ಕಚ್ಚಿ ನಿಲ್ಲಿಸುವ ಕ್ಲಚ್‌ಗಳು ಬಂದ ಮೇಲೆ ಹಳೆಯ ದೋಣಿಗಳ ಒಡೆಯರೂ ಕಂಬದ ಬಳಿಯ ಹ್ಯಾಲಿಯರ್ಡನ್ನು ಹಿಂದಿನ ಕಾಕ್‌ಪಿಟ್ಟಿಗೆ, ಅಂದರೆ ಚುಕ್ಕಾಣಿ ಹಿಡಿದವನು ಕೂರುವ ತಗ್ಗಿಗೆ, ತಿರುಗಿಸತೊಡಗಿದರು. ಈ ಮರುಜೋಡಣೆಗೆ ಬೆಲೆಯೂ ಇದೆ. ಹಗ್ಗ ಪ್ರತಿ ತಿರುವಿನಲ್ಲೂ ಘರ್ಷಣೆಗೆ ಸಿಕ್ಕಿ ಎಳೆಯಲು ಬಿಗಿಯಾಗುತ್ತದೆ. ತೊಂಬತ್ತು ಡಿಗ್ರಿ ತಿರುಗಿಸುವ ರಾಟೆಯ ಮೇಲೆ ಹಗ್ಗದ ಎಳೆತದ ಸುಮಾರು 1.4 ಪಟ್ಟು ಭಾರವೂ, ಪೂರ್ತಿ ಹಿಂದಕ್ಕೆ ತಿರುಗಿಸುವ ರಾಟೆಯ ಮೇಲೆ ಎರಡು ಪಟ್ಟು ಭಾರವೂ ಬೀಳುತ್ತದೆ. ಕಡಿಮೆ ಹಿಗ್ಗುವ ಇಂದಿನ ಕೃತಕ ನಾರಿನ ಹಗ್ಗಗಳು ಗಾಳಿಯ ಹೊಡೆತವನ್ನು ತಾವು ನುಂಗದೆ ಸಲಕರಣೆಗೇ ದಾಟಿಸುತ್ತವೆ. ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರವಿರುವ ಡೆಕ್ಕಿನಲ್ಲಿ ಹೊಸ ತೂತು ಕೊರೆದರೆ ನೀರಿಳಿದು ಮರ ಕೊಳೆಯುತ್ತದೆ. ಆದ್ದರಿಂದ ತೂತಿನ ಸುತ್ತಲಿನ ಮರವನ್ನು ಕೆರೆದು ತೆಗೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಕೊರೆದು, ಕೆಳಗೆ ಅಗಲವಾದ ತಗಡು ಕೊಟ್ಟು ಬೋಲ್ಟ್ ಬಿಗಿಯುವುದೇ ಸರಿಯಾದ ಕ್ರಮ. ಹಳೆಯ ಸಲಕರಣೆ ಕಿತ್ತ ಜಾಗದ ತೂತುಗಳನ್ನು ಮುಚ್ಚುವಾಗಲೂ ಇದೇ ಎಚ್ಚರ ಬೇಕು.

ಈ ಪರಂಪರೆಯ ಫಲ ಭಾರತದ ಕಡಲಿಗೂ ತಲುಪಿದೆ. ಗೋವೆಯಲ್ಲಿ ಕಟ್ಟಿದ 56 ಅಡಿಯ ಮ್ಹಾದೇಯಿ ನೌಕೆಯಲ್ಲಿ ಭಾರತೀಯ ನೌಕಾಪಡೆಯ ದಿಲೀಪ್ ದೊಂದೆ 2009–10ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು, 2012–13ರಲ್ಲಿ ಅಭಿಲಾಷ್ ಟಾಮಿ ಎಲ್ಲಿಯೂ ತಂಗದೆ ಒಬ್ಬರೇ ಸುತ್ತಿದರು. ಅಷ್ಟು ದೊಡ್ಡ ನೌಕೆ ಒಬ್ಬರ ಕೈಗೆ ಮಣಿಯುವುದರ ಹಿಂದೆ ನಾವಿಕರ ಧೈರ್ಯದ ಜೊತೆಗೆ ಎರಡು ಶತಮಾನಗಳ ರಾಟೆಗಾರರ, ಕಮ್ಮಾರರ, ವಿನ್ಯಾಸಕಾರರ ದುಡಿಮೆಯೂ ಇದೆ. ನೌಕಾಚರಿತ್ರೆಯನ್ನು ಬರೆಯುವವರು ಯುದ್ಧಗಳಿಗೂ ಯಾನಗಳಿಗೂ ಕೊಟ್ಟಷ್ಟೇ ಗಮನವನ್ನು ಈ ಸಲಕರಣೆಗಳಿಗೂ ಕೊಡಬೇಕಾಗಿದೆ.