ಮತದಾರ ಯಾರೆಂದು ತೀರ್ಮಾನವಾಗದ ಐದು ವರ್ಷ: ಐವರಿ ಕೋಸ್ಟ್‌ನಲ್ಲಿ ಮುಂದೂಡಿದ ಚುನಾವಣೆ, 2005–2010

ಐವರಿ ಕೋಸ್ಟ್‌ನಲ್ಲಿ ಅಧ್ಯಕ್ಷೀಯ ಚುನಾವಣೆ 2005ರ ಅಕ್ಟೋಬರ್ 30ರಂದು ನಡೆಯಬೇಕಿತ್ತು. ನಡೆದದ್ದು 2010ರ ಅಕ್ಟೋಬರ್ 31ರಂದು. ನಡುವೆ 2008ರ ನವೆಂಬರ್ 30, 2009ರ ನವೆಂಬರ್ 29, 2010ರ ಮಾರ್ಚ್ ಎಂದು ಹಲವು ದಿನಾಂಕಗಳು ಗೊತ್ತಾಗಿ ಬಿದ್ದುಹೋದವು. ಅಧ್ಯಕ್ಷ ಲೊರಾಂ ಗ್ಬಾಗ್ಬೊ ಐದು ವರ್ಷಕ್ಕೆಂದು ಆಯ್ಕೆಯಾಗಿ ಹತ್ತು ವರ್ಷ ಕುಳಿತರು. 2000ದ ಕೊನೆಯಲ್ಲಿ ಆಯ್ಕೆಯಾದ ಸಂಸತ್ತು ಇನ್ನೂ ಹೆಚ್ಚು ಕಾಲ ಉಳಿಯಿತು.

ಈ ವಿಳಂಬಕ್ಕೆ ಆಗ ಕೊಡುತ್ತಿದ್ದ ಕಾರಣಗಳು ಪರಿಚಿತವಾದವೇ: ದೇಶ ಇಬ್ಭಾಗವಾಗಿದೆ, ಬಂಡುಕೋರರು ಶಸ್ತ್ರ ಕೆಳಗಿಟ್ಟಿಲ್ಲ, ಪಟ್ಟಿ ಸಿದ್ಧವಾಗಿಲ್ಲ, ಗುರುತಿನ ಚೀಟಿ ಅಚ್ಚಾಗಿಲ್ಲ. ಇವು ಸುಳ್ಳಲ್ಲ. ಆದರೆ ಒಂದು ಅಡ್ಡಿ ಸರಿದಾಗಲೆಲ್ಲ ಇನ್ನೊಂದು ಎದ್ದು ನಿಂತದ್ದು ಏಕೆ ಎಂಬುದಕ್ಕೆ ಇವುಗಳಲ್ಲಿ ಉತ್ತರವಿಲ್ಲ. ಮತ ಹಾಕುವ ಹಕ್ಕು ಯಾರಿಗಿದೆ ಎಂಬ ಜಗಳ ಬಗೆಹರಿಯುವ ಮೊದಲೇ ಮತ ಎಣಿಸಿದರೆ ಸೋಲು ಖಚಿತ ಎಂದು ಇತ್ತಂಡಗಳೂ ನಂಬಿದ್ದವು. ಜೊತೆಗೆ, ಚುನಾವಣೆಯಿಲ್ಲದ ಆ ಕಾಲ ಸಂಧಾನದ ಮೇಜಿನ ಸುತ್ತ ಕುಳಿತ ಎಲ್ಲರಿಗೂ ಏನಾದರೊಂದು ಕೊಡುತ್ತಿತ್ತು. ಈ ಲೇಖನದ ವಾದ ಇಷ್ಟೇ.

ಜಗಳದ ಬೇರು ಕೋಕೋ ತೋಟಗಳಲ್ಲಿದೆ. 1960ರಿಂದ 1993ರವರೆಗೆ ಆಳಿದ ಫೆಲಿಕ್ಸ್ ಉಫ್ವೇ-ಬ್ವಾನ್ಯಿ ಭೂಮಿ ಅದನ್ನು ಉಳುವವನದು ಎಂಬ ನೀತಿ ಹಿಡಿದು, ಇಂದಿನ ಬುರ್ಕಿನಾ ಫಾಸೊ ಮತ್ತು ಮಾಲಿಯಿಂದ ದುಡಿಯುವ ಕೈಗಳನ್ನು ಕರೆಸಿಕೊಂಡರು. ದೇಶ ಕೋಕೋ ಬೆಳೆಯಲ್ಲಿ ಜಗತ್ತಿಗೇ ಮೊದಲನೆಯದಾಯಿತು. 1998ರ ಜನಗಣತಿಯ ವೇಳೆಗೆ ಜನಸಂಖ್ಯೆಯ ಶೇ 26ರಷ್ಟು ಮಂದಿ ವಿದೇಶೀಯರೆಂದು ದಾಖಲಾಗಿದ್ದರು. ಅವರಲ್ಲಿ ಎಷ್ಟೋ ಜನ ಹುಟ್ಟಿದ್ದೇ ಅಲ್ಲಿ. 1990ರ ಮೊದಲ ಬಹುಪಕ್ಷೀಯ ಚುನಾವಣೆಯಲ್ಲಿ ಈ ವಲಸಿಗರೂ ಮತ ಹಾಕಿದ್ದರು. ಉಫ್ವೇ ಎದುರು ನಿಂತು ಸೋತವರು ಇದೇ ಗ್ಬಾಗ್ಬೊ. ಹೊರಗಿನವರ ಮತ ಆಳುವ ಪಕ್ಷದ ಜೇಬಿನಲ್ಲಿದೆ ಎಂಬ ದೂರು ಅವರ ಪಕ್ಷದಲ್ಲಿ ಅಂದೇ ಬೇರುಬಿಟ್ಟಿತು. ಹದಿನೈದು ವರ್ಷದ ನಂತರ ಮತದಾರರ ಪಟ್ಟಿಯ ವಿಷಯದಲ್ಲಿ ಅವರು ಹಿಡಿದ ಹಟವನ್ನು ಅಧಿಕಾರದಾಹ ಎಂದಷ್ಟೇ ಹೇಳಿ ಮುಗಿಸುವವರು ಈ ಹಿನ್ನೆಲೆಯನ್ನು ಬಿಟ್ಟುಬಿಡುತ್ತಾರೆ.

ಉಫ್ವೇ ನಂತರ ಬಂದ ಹೆನ್ರಿ ಕೊನಾನ್ ಬೆದಿಯೆ ‘ಐವರಿತನ’ ಎಂಬ ಸಿದ್ಧಾಂತವನ್ನು ಮುಂದಕ್ಕೆ ತಂದರು. 1994ರ ಚುನಾವಣಾ ಸಂಹಿತೆಯ ಪ್ರಕಾರ ಅಭ್ಯರ್ಥಿಯ ತಂದೆ-ತಾಯಿ ಇಬ್ಬರೂ ಹುಟ್ಟಿನಿಂದ ಐವರಿಯನ್ನರಾಗಿರಬೇಕಿತ್ತು. ಇದರ ಗುರಿ ಉತ್ತರದ ಮುಸ್ಲಿಂ ನಾಯಕ, ಮಾಜಿ ಪ್ರಧಾನಿ ಅಲಸಾನ್ ವತಾರಾ. 1999ರ ಡಿಸೆಂಬರ್‌ನಲ್ಲಿ ಸೇನೆ ಬೆದಿಯೆಯನ್ನು ಕಿತ್ತೊಗೆಯಿತು. 2000ದ ಸಂವಿಧಾನದ 35ನೇ ವಿಧಿ ಅದೇ ಷರತ್ತನ್ನು ಉಳಿಸಿಕೊಂಡಿತು; ಸುಪ್ರೀಂ ಕೋರ್ಟು ವತಾರಾ, ಬೆದಿಯೆ ಇಬ್ಬರನ್ನೂ ಕಣದಿಂದ ಹೊರಗಿಟ್ಟಿತು. ಆ ಅರೆಬರೆ ಚುನಾವಣೆಯಿಂದ, ಬೀದಿಗಿಳಿದ ಜನರ ಬಲದಿಂದ ಗ್ಬಾಗ್ಬೊ ಅಧ್ಯಕ್ಷರಾದರು.

ಒಬ್ಬ ನಾಯಕನಿಗೆ ಕೇಳಿದ ಪ್ರಶ್ನೆ ಬೇಗನೆ ಸಾಮಾನ್ಯರ ಮನೆಬಾಗಿಲಿಗೂ ಬಂತು. ಉತ್ತರದವರ ಹೆಸರುಗಳು ಗಡಿಯಾಚೆಯ ಮಾಲಿ, ಬುರ್ಕಿನಾಗಳಲ್ಲೂ ಇರುವಂಥವು. ತಪಾಸಣಾ ಠಾಣೆಯಲ್ಲಿ ಆ ಹೆಸರಿನ ಗುರುತಿನ ಚೀಟಿ ಕಂಡರೆ ಪೊಲೀಸರು ನಕಲಿಯೆಂದು ಹರಿದುಹಾಕಿದ ಪ್ರಸಂಗಗಳು ಹೇರಳ. 2002ರ ಸೆಪ್ಟೆಂಬರ್ 19ರಂದು ಬಂಡಾಯವೆದ್ದ ಸೈನಿಕರು ಬುವಾಕೆ ನಗರವನ್ನು ಕೇಂದ್ರವಾಗಿಸಿಕೊಂಡು ಉತ್ತರಾರ್ಧವನ್ನು ಹಿಡಿದರು. ಅವರ ರಾಜಕೀಯ ಮುಖವಾದ ಗಿಯೋಮ್ ಸೊರೊ ಪದೇ ಪದೇ ಮುಂದಿಟ್ಟ ಬೇಡಿಕೆ ಗುರುತಿನ ಚೀಟಿಯದು.

2003ರ ಲಿನಾ-ಮಾರ್ಕುಸಿ ಶಾಂತಿ ಒಪ್ಪಂದದಿಂದ ಮುಂದೆ ಎಲ್ಲ ಮಾತುಕತೆಗಳೂ ಒಂದೇ ಗಂಟಿನಲ್ಲಿ ಸಿಕ್ಕಿಬಿದ್ದವು. ಮೊದಲು ಶಸ್ತ್ರ ಇಳಿಸಿ, ಆಮೇಲೆ ಚೀಟಿ ಎಂದಿತು ಸರ್ಕಾರ. ಮೊದಲು ಚೀಟಿ, ಆಮೇಲೆ ಶಸ್ತ್ರ ಎಂದರು ಬಂಡುಕೋರರು. ಮೊದಲು ಕೊಟ್ಟವನ ಕೈಯಲ್ಲಿ ಮತ್ತೆ ಚೌಕಾಸಿಗೆ ಏನೂ ಉಳಿಯುತ್ತಿರಲಿಲ್ಲ. 2005ರ ಪ್ರಿಟೋರಿಯಾ ಒಪ್ಪಂದದ ನಂತರ, ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿ ಅವರ ಮಧ್ಯಸ್ಥಿಕೆಗೆ ಮಣಿದು, ಗ್ಬಾಗ್ಬೊ ವಿಶೇಷಾಧಿಕಾರ ಬಳಸಿ ವತಾರಾ ಸ್ಪರ್ಧೆಗೆ ದಾರಿ ಬಿಟ್ಟರು. ಅಭ್ಯರ್ಥಿ ಯಾರೆಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮತದಾರ ಯಾರೆಂಬುದು ಹಾಗೇ ಉಳಿಯಿತು, ಮತ್ತು ನಿಜವಾದ ಸೆಣಸಾಟ ಅಲ್ಲಿಗೆ ಸರಿಯಿತು.

ಅವಧಿ ಮುಗಿದರೂ ಉಳಿಯಲು ಗ್ಬಾಗ್ಬೊ ಸಂವಿಧಾನದ 38ನೇ ವಿಧಿಯನ್ನು ಆಶ್ರಯಿಸಿದರು. ದೇಶದ ಅಖಂಡತೆಗೆ ಧಕ್ಕೆಯಾಗಿ ಚುನಾವಣೆ ಅಸಾಧ್ಯವಾದಾಗ ಅಧ್ಯಕ್ಷ ಹುದ್ದೆಯಲ್ಲಿ ಮುಂದುವರಿಯುತ್ತಾನೆ ಎನ್ನುತ್ತಿತ್ತು ಅದು. ಎಷ್ಟು ಕಾಲ ಎಂಬುದಕ್ಕೆ ಅಲ್ಲಿ ಮಿತಿಯಿರಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2005ರ ಅಕ್ಟೋಬರ್‌ನ 1633ನೇ ನಿರ್ಣಯದಲ್ಲಿ ಹನ್ನೆರಡು ತಿಂಗಳು ಕೊಟ್ಟಿತು. 2006ರ ನವೆಂಬರ್‌ನ 1721ನೇ ನಿರ್ಣಯದಲ್ಲಿ ಕೊನೆಯ ಬಾರಿಗೆಂದು ಇನ್ನೂ ಹನ್ನೆರಡು. ಪ್ರಧಾನಿ ಚಾರ್ಲ್ಸ್ ಕೊನಾನ್ ಬಾನಿಗೆ ಹೆಚ್ಚಿನ ಅಧಿಕಾರ ನೀಡಿ ಅಧ್ಯಕ್ಷರನ್ನು ಕಟ್ಟಿಹಾಕುವ ಉದ್ದೇಶವೂ ಇದರಲ್ಲಿತ್ತು. ಸೇನೆ, ದೂರದರ್ಶನ, ಖಜಾನೆ ಅಧ್ಯಕ್ಷರ ಕೈಯಲ್ಲೇ ಇದ್ದಾಗ ಆ ಹಗ್ಗ ಹಿಡಿಯಲಿಲ್ಲ. 2006ರ ಜನವರಿಯಲ್ಲಿ, ಶಾಂತಿ ಪ್ರಕ್ರಿಯೆಯ ಮೇಲ್ವಿಚಾರಣೆಗಿದ್ದ ಅಂತರರಾಷ್ಟ್ರೀಯ ಕಾರ್ಯತಂಡವು ಸಂಸತ್ತಿನ ಅವಧಿ ಮುಗಿದಿದೆ, ವಿಸ್ತರಣೆ ಬೇಡ ಎಂದದ್ದೇ ತಡ, ಗ್ಬಾಗ್ಬೊ ಬೆಂಬಲಿಗ ಯುವಕರು ಅಬಿಜಾನ್‌ನ ರಸ್ತೆಗಳನ್ನು ಮುಚ್ಚಿದರು. ಪಶ್ಚಿಮದ ಗಿಗ್ಲೊದಲ್ಲಿ ಶಾಂತಿಪಡೆಯ ನೆಲೆಗೆ ನುಗ್ಗಿದರು.

ವಿಳಂಬದ ಒಳಮರ್ಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಸಂಚಾರಿ ನ್ಯಾಯಾಲಯಗಳ ಕತೆಯಲ್ಲಿ. ಜನನ ನೋಂದಣಿಯೇ ಆಗದ ಲಕ್ಷಾಂತರ ಜನ ಆ ದೇಶದಲ್ಲಿದ್ದರು; ಉತ್ತರದಲ್ಲಿ ಇದ್ದ ದಾಖಲೆ ಪುಸ್ತಕಗಳೂ ಯುದ್ಧದಲ್ಲಿ ಹಾಳಾಗಿದ್ದವು. ನ್ಯಾಯಾಧೀಶ, ಗುಮಾಸ್ತ, ವಯಸ್ಸು ಅಂದಾಜಿಸಲು ವೈದ್ಯ ಹೀಗೊಂದು ತಂಡ ಊರೂರಿಗೆ ಹೋಗಿ ಕೂರುತ್ತಿತ್ತು. ಅರ್ಜಿದಾರ ತನ್ನ ಹುಟ್ಟನ್ನು ಬಲ್ಲ ಸಾಕ್ಷಿಗಳನ್ನು ಕರೆತರಬೇಕಿತ್ತು. ಮಾತು ನಂಬಿಕೆಗೆ ಅರ್ಹವೆನಿಸಿದರೆ ಜನನ ಪತ್ರಕ್ಕೆ ಬದಲಾಗಿ ತೀರ್ಪೊಂದು ಸಿಗುತ್ತಿತ್ತು. ಅದರ ಆಧಾರದ ಮೇಲೆ ಪೌರತ್ವ ಪ್ರಮಾಣಪತ್ರ, ಅದರಿಂದ ಗುರುತಿನ ಚೀಟಿ, ಕೊನೆಗೆ ಮತ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಮತವಿಲ್ಲ. 2006ರ ಜುಲೈಯಲ್ಲಿ ಕೆಲಸ ವ್ಯಾಪಕವಾಗಿ ಶುರುವಾದೊಡನೆ ಆಳುವ ಪಕ್ಷದ ಅಧ್ಯಕ್ಷ ಪಾಸ್ಕಲ್ ಅಫಿ ಎನ್‌ಗೆಸಾನ್ ಅದನ್ನು ತಡೆಯುವಂತೆ ಕಾರ್ಯಕರ್ತರಿಗೆ ಕರೆಕೊಟ್ಟರು. ದಿವೊ, ಗ್ರ್ಯಾಂಡ್-ಲಾಹು ಪಟ್ಟಣಗಳಲ್ಲಿ ಹೊಡೆದಾಟವಾಗಿ ಜನ ಸತ್ತರು. ನಂತರ ಈ ನ್ಯಾಯಾಲಯಗಳಲ್ಲಿ ಪೌರತ್ವ ಪ್ರಮಾಣಪತ್ರ ಕೊಡುವುದು ನಿಂತಿತು. ಸರಪಳಿಯ ಎರಡನೇ ಕೊಂಡಿಯನ್ನೇ ತೆಗೆದದ್ದು ಅದು. ಕಾಗದ ಪತ್ರಗಳ ಕೊರತೆಯಿಂದ ಚುನಾವಣೆ ತಡವಾಯಿತು ಎನ್ನುವ ಮೊದಲು, ಆ ಕಾಗದ ಹುಟ್ಟುವ ಜಾಗಕ್ಕೇ ಅಡ್ಡ ನಿಂತವರು ಯಾರು ಎಂದು ಕೇಳಲೇಬೇಕಾಗುತ್ತದೆ.

ಇಷ್ಟಕ್ಕೆ ಬಂಡುಕೋರರು ಚುನಾವಣೆಗೆ ಹಾತೊರೆಯುತ್ತಿದ್ದರು ಎಂದುಕೊಳ್ಳುವುದೂ ಸರಿಯಲ್ಲ. 2007ರ ಮಾರ್ಚ್ 4ರಂದು ಬುರ್ಕಿನಾ ಅಧ್ಯಕ್ಷ ಬ್ಲೇಸ್ ಕಂಪಾವೊರೆ ಎದುರಿನಲ್ಲಿ ವಗಡೂಗು ಒಪ್ಪಂದವಾಗಿ ಸೊರೊ ಪ್ರಧಾನಿಯಾದರು. ಹತ್ತು ತಿಂಗಳಲ್ಲಿ ಚುನಾವಣೆ ಎಂಬ ಲೆಕ್ಕವಿತ್ತು. ಮೂರೂವರೆ ವರ್ಷ ಹಿಡಿಯಿತು. ಉತ್ತರವನ್ನು ಹತ್ತು ವಲಯಗಳಾಗಿ ಹಂಚಿಕೊಂಡಿದ್ದ ದಂಡನಾಯಕರು ಕೋಕೋ, ಹತ್ತಿ, ಗೇರುಬೀಜ, ಲಾರಿ ಸಂಚಾರ ಎಲ್ಲದರ ಮೇಲೂ ತಮ್ಮದೇ ಸುಂಕ ವಸೂಲಿ ಮಾಡುತ್ತಿದ್ದರು. ನಮ್ಮ ಮಂಗಳೂರಿನ ಕಾರ್ಖಾನೆಗಳಿಗೂ ಹಸಿಗೇರು ಬರುವುದು ಈ ದೇಶದಿಂದ. ಅಲ್ಲಿ ಗೇರು ಬೆಳೆಯುವುದು ಹೆಚ್ಚಾಗಿ ಇದೇ ಉತ್ತರ, ಮಧ್ಯ ಭಾಗಗಳಲ್ಲಿ. ಸೆಗೆಲಾದ ವಜ್ರಗಳಿಗೆ ವಿಶ್ವಸಂಸ್ಥೆಯ ನಿಷೇಧವಿದ್ದರೂ ಗಣಿ ನಿಲ್ಲಲಿಲ್ಲ. ದಕ್ಷಿಣದಲ್ಲಿ ಕೋಕೋ ತೆರಿಗೆ, ಬಂದರು, ತೈಲದ ವರಮಾನ ಸರ್ಕಾರಕ್ಕೆ. ವಿರೋಧ ಪಕ್ಷಗಳಿಗೂ ಐಕ್ಯ ಸರ್ಕಾರದಲ್ಲಿ ಖಾತೆಗಳಿದ್ದವು. ಚುನಾವಣೆ ನಡೆದರೆ ಇವರಲ್ಲಿ ಒಬ್ಬರು ಗೆಲ್ಲಬಹುದಿತ್ತು. ನಡೆಯದಿದ್ದರೆ ಯಾರೂ ಸೋಲಬೇಕಿರಲಿಲ್ಲ. ಸೋಲುತ್ತಿದ್ದವರು ಆ ಮೇಜಿಗೆ ಕರೆಯೇ ಬರದವರು: ಚೀಟಿಗಾಗಿ ಸಾಲಿನಲ್ಲಿ ನಿಂತವರು, ಪಶ್ಚಿಮದಲ್ಲಿ ಜಮೀನು ಬಿಟ್ಟು ಓಡಿದವರು.

2009ರ ಕೊನೆಗೆ ತಾತ್ಕಾಲಿಕ ಪಟ್ಟಿ ಬಂತು. ಹಳೆಯ ಮತದಾರರ ಪಟ್ಟಿ ಮುಂತಾದ ಸರ್ಕಾರಿ ಕಡತಗಳೊಂದಿಗೆ ತಾಳೆಯಾದ ಸುಮಾರು 53 ಲಕ್ಷ ಹೆಸರುಗಳು ‘ಬಿಳಿ ಪಟ್ಟಿ’ಗೆ, ತಾಳೆಯಾಗದ 10 ಲಕ್ಷಕ್ಕೂ ಹೆಚ್ಚು ಹೆಸರುಗಳು ‘ಬೂದು ಪಟ್ಟಿ’ಗೆ ಹೋದವು. 2010ರ ಜನವರಿಯಲ್ಲಿ, ಚುನಾವಣಾ ಆಯೋಗದ ಅಧ್ಯಕ್ಷ ರೋಬೆರ್ ಬೂಗ್ರೆ ಮಾಂಬೆ 4,29,030 ಹೆಸರುಗಳ ಸಮಾನಾಂತರ ಪಟ್ಟಿ ಮಾಡಿದ್ದಾರೆಂದು ಅಧ್ಯಕ್ಷರ ಬಣ ಆರೋಪಿಸಿತು. ಹಲವು ಊರುಗಳಲ್ಲಿ ಹೆಸರು ತೆಗೆಸಲು ನ್ಯಾಯಾಲಯಗಳಿಗೆ ಅರ್ಜಿಗಳು ಬಿದ್ದವು. ಫೆಬ್ರವರಿ 12ರಂದು ಗ್ಬಾಗ್ಬೊ ಸರ್ಕಾರ, ಆಯೋಗ ಎರಡನ್ನೂ ವಿಸರ್ಜಿಸಿದರು. ಗಾನ್ಯೊವಾದಲ್ಲಿ ಪ್ರತಿಭಟನಕಾರರು ಗುಂಡಿಗೆ ಬಲಿಯಾದರು. ಮಾರ್ಚ್ ದಿನಾಂಕ ಹೀಗೆ ಹೋಯಿತು.

ಹಾಗಿದ್ದರೆ ಅಕ್ಟೋಬರ್‌ನಲ್ಲಿ ಗ್ಬಾಗ್ಬೊ ಒಪ್ಪಿದ್ದೇಕೆ? 57 ಲಕ್ಷದ ಅಂತಿಮ ಪಟ್ಟಿಗೆ ಎಲ್ಲರ ಒಪ್ಪಿಗೆ ಸಿಕ್ಕಿತ್ತು, ನೆರವು ನೀಡುತ್ತಿದ್ದ ದೇಶಗಳ ತಾಳ್ಮೆ ಮುಗಿದಿತ್ತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಅಧ್ಯಕ್ಷರ ಪಾಳೆಯ ಮಾಡಿಸಿದ ಫ್ರೆಂಚ್ ಸಂಸ್ಥೆಯೊಂದರ ಜನಾಭಿಪ್ರಾಯ ಸಮೀಕ್ಷೆಗಳು ಅವರೇ ಮುಂದಿದ್ದಾರೆ ಎನ್ನುತ್ತಿದ್ದವು. ‘ಗೆಲ್ಲುತ್ತೇವೆ, ಇಲ್ಲವೇ ಗೆಲ್ಲುತ್ತೇವೆ’ ಎಂಬುದು ಅವರ ಕಡೆಯವರ ಘೋಷಣೆ. ಗೆಲುವಿನ ನಂಬಿಕೆ ಮೂಡಿದಾಗಲೇ ದಿನಾಂಕ ಗಟ್ಟಿಯಾಯಿತು ಎಂದೇ ನಾನು ಓದುತ್ತೇನೆ.

ಮೊದಲ ಸುತ್ತಿನಲ್ಲಿ ಗ್ಬಾಗ್ಬೊಗೆ ಶೇ 38, ವತಾರಾಗೆ 32, ಬೆದಿಯೆಗೆ 25. ಒಂದು ಕಾಲಕ್ಕೆ ವತಾರಾರನ್ನು ಪರಕೀಯನೆಂದು ದೂರವಿಟ್ಟ ಬೆದಿಯೆ ಎರಡನೇ ಸುತ್ತಿಗೆ ಅವರನ್ನೇ ಬೆಂಬಲಿಸಿದರು. ಡಿಸೆಂಬರ್ 2ರಂದು ಆಯೋಗ ಶೇ 54.1 ಮತಗಳೊಂದಿಗೆ ವತಾರಾ ಗೆದ್ದರೆಂದು ಘೋಷಿಸಿತು. ಮರುದಿನ ಪೋಲ್ ಯಾವೊ ಎನ್‌ಡ್ರೆ ಅಧ್ಯಕ್ಷತೆಯ ಸಂವಿಧಾನ ಮಂಡಳಿ ಬುವಾಕೆ, ಕೊರೊಗೊ ಸೇರಿ ಏಳು ಜಿಲ್ಲೆಗಳ ಮತಗಳನ್ನು ರದ್ದುಮಾಡಿ ಗ್ಬಾಗ್ಬೊಗೆ ಶೇ 51.45 ಕೊಟ್ಟಿತು. ಗಂಭೀರ ಅಕ್ರಮವಿದ್ದರೆ ಇಡೀ ಚುನಾವಣೆ ರದ್ದುಮಾಡಿ 45 ದಿನದಲ್ಲಿ ಮರುಮತದಾನಕ್ಕೆ ಹೇಳಬೇಕಿತ್ತೇ ಹೊರತು, ಕೆಲವು ಜಿಲ್ಲೆಗಳನ್ನು ಅಳಿಸಿ ವಿಜೇತನನ್ನು ಸಾರಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಅಳಿಸಿದ್ದು ಐದು ವರ್ಷ ಚೀಟಿಗಾಗಿ ಕಾದ ಅದೇ ಉತ್ತರವನ್ನು. 2011ರ ಏಪ್ರಿಲ್ 11ರಂದು ಗ್ಬಾಗ್ಬೊ ಸೆರೆಯಾಗುವ ವೇಳೆಗೆ ಸುಮಾರು ಮೂರು ಸಾವಿರ ಜನ ಸತ್ತಿದ್ದರು.

ಆಮೇಲೆ ಅಲ್ಲಿ ಅಧ್ಯಕ್ಷೀಯ ಚುನಾವಣೆ ಅಕ್ಟೋಬರ್ ತಿಂಗಳು ತಪ್ಪಿಸಿಲ್ಲ. 2025ರಲ್ಲಿ ವತಾರಾ ನಾಲ್ಕನೇ ಅವಧಿಗೆ ನಿಂತಾಗ, ಹಳೆಯ ಶಿಕ್ಷೆಯ ಕಾರಣಕ್ಕೆ ಗ್ಬಾಗ್ಬೊ ಹೆಸರು, ಫ್ರೆಂಚ್ ಪೌರತ್ವದ ಕಾರಣಕ್ಕೆ ಬೆದಿಯೆಯ ಪಕ್ಷದ ಹೊಸ ನಾಯಕ ತಿಜಾನ್ ತಿಯಾಂ ಹೆಸರು ಮತದಾರರ ಪಟ್ಟಿಯಲ್ಲಿರಲಿಲ್ಲ.