ಹಡಗಿನ ತಳದ ತೂತು: ಶಾಫ್ಟ್ ರಕ್ಷಣೆಯ ಕಥೆ

ಹಾಯಿ ದೋಣಿಗಾಗಲಿ ಹುಟ್ಟು ಹಾಕುವ ದೋಣಿಗಾಗಲಿ ತಳದಲ್ಲಿ ತೂತು ಬೇಕಿಲ್ಲ. ಪ್ರೊಪೆಲ್ಲರ್‌ನ ಮಾತೇ ಬೇರೆ. ಅದು ತಿರುಗುವುದು ನೀರಿನಲ್ಲಿ; ತಿರುಗಿಸುವ ಯಂತ್ರ ಇರುವುದು ದೋಣಿಯೊಳಗೆ. ಎರಡನ್ನೂ ಜೋಡಿಸುವ ಶಾಫ್ಟ್‌ಗಾಗಿ ನೀರಿನ ಮಟ್ಟದ ಕೆಳಗೆ ತೂತು ಕೊರೆಯಬೇಕು. ಶಾಫ್ಟ್ ಸಲೀಸಾಗಿ ತಿರುಗಬೇಕು, ನೀರು ಒಳಬರಬಾರದು. ಸಡಿಲ ಬಿಟ್ಟರೆ ನೀರು ಬರುತ್ತದೆ, ಬಿಗಿ ಮಾಡಿದರೆ ಶಾಫ್ಟ್ ತಿರುಗುವುದಿಲ್ಲ.

1838ರಲ್ಲಿ ವಿಜ್ಞಾನಿ ಯಾಕೋಬಿ ರಷ್ಯದ ನೆವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ನಡೆಸಿದಾಗ ಈ ತೊಂದರೆ ಎದುರಾಗಲಿಲ್ಲ. ಅದಕ್ಕಿದ್ದದ್ದು ಪಕ್ಕದ ಚಕ್ರಗಳು. ಅವುಗಳ ಅಚ್ಚು ನೀರಿನ ಮೇಲಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ‘ಆರ್ಕಿಮಿಡೀಸ್’ ಎಂಬ ಪ್ರೊಪೆಲ್ಲರ್ ಹಡಗು ನೀರಿಗಿಳಿಯಿತು. ಅದರ ಹಿಂದಿದ್ದ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಒಬ್ಬ ರೈತ. ಸ್ಪ್ರಿಂಗಿನಿಂದ ಓಡುವ ಮಾದರಿ ದೋಣಿಯನ್ನು ಕೊಳದಲ್ಲಿ ಪರೀಕ್ಷಿಸಿ, 1836ರಲ್ಲಿ ಪೇಟೆಂಟ್ ಪಡೆದಿದ್ದ.

ನೀರು ತಡೆಯುವ ಉಪಾಯ ಉಗಿಯಂತ್ರದಿಂದಲೇ ಬಂತು. ಶಾಫ್ಟಿನ ಸುತ್ತ ಕೊಬ್ಬು ಸವರಿದ ನಾರನ್ನು ತುಂಬಿ ಒತ್ತಿ ಹಿಡಿಯುವುದೇ ‘ಸ್ಟಫಿಂಗ್ ಬಾಕ್ಸ್’. ಆದರೆ ಭಾರವಾದ ಶಾಫ್ಟ್ ತಿಕ್ಕಿ ಲೋಹದ ಬೇರಿಂಗ್ ಬೇಗ ಸವೆಯುತ್ತಿತ್ತು. ಬೇರಿಂಗ್ ಸವೆದರೆ ಶಾಫ್ಟ್ ಅದುರುತ್ತದೆ. ಅದುರಿದರೆ ನಾರು ಸಡಿಲವಾಗುತ್ತದೆ. 1854ರಲ್ಲಿ ಜಾನ್ ಪೆನ್ ಪರಿಹಾರ ತೋರಿದ. ನೀರಿನಲ್ಲಿ ಮುಳುಗುವಷ್ಟು ಸಾಂದ್ರವಾದ, ಅಂಟಿನಂಶವುಳ್ಳ ಲಿಗ್ನಮ್ ವೈಟೀ ಮರದ ಪಟ್ಟಿಗಳನ್ನು ಬೇರಿಂಗ್‌ನೊಳಗೆ ಕೂರಿಸಿ, ಅವುಗಳ ನಡುವೆ ನೀರು ಹರಿಯಲು ಬಿಟ್ಟ. ಶತ್ರುವಾಗಿದ್ದ ನೀರೇ ಜಾರೆಣ್ಣೆಯ ಕೆಲಸ ಮಾಡಿತು!

ಶಾಫ್ಟ್ ನೆಟ್ಟಗಿರದಿದ್ದರೆ ಏನಾಗುತ್ತದೆಂಬುದಕ್ಕೆ 1941ರ ಡಿಸೆಂಬರ್ 10 ಸಾಕ್ಷಿ. ಮಲಯದ ಬಳಿ ಜಪಾನಿನ ಟಾರ್ಪೆಡೊ ಬ್ರಿಟಿಷ್ ಯುದ್ಧನೌಕೆ ‘ಪ್ರಿನ್ಸ್ ಆಫ್ ವೇಲ್ಸ್’ನ ಒಂದು ಶಾಫ್ಟಿನ ಬಳಿ ಸಿಡಿಯಿತು. ಬಾಗಿದ ಶಾಫ್ಟ್ ತಿರುಗುತ್ತ ನೀರುತಡೆಗಳನ್ನೆಲ್ಲ ಹರಿಯಿತು. ಒಳಗೆ ಅಪಾರ ನೀರು ನುಗ್ಗಿತು. ಮತ್ತಷ್ಟು ಟಾರ್ಪೆಡೊಗಳು ತಗುಲಿ ನೌಕೆ ಮುಳುಗಿತು.

1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೊ ಆಜ್ಞೆಯಿಂದ ಓಡಿಸಿ ತೋರಿಸಿದ ಮಾದರಿ ದೋಣಿಯಲ್ಲಿ ಬ್ಯಾಟರಿ, ಮೋಟಾರು, ಪ್ರೊಪೆಲ್ಲರ್ ಎಲ್ಲವೂ ಇದ್ದವು. ಇಂದಿನ ವಿದ್ಯುತ್ ಮಾದರಿ ದೋಣಿಗಳದೂ ಅದೇ ಜೋಡಣೆ. ಇವುಗಳಲ್ಲಿ ಶಾಫ್ಟ್ ಹಿತ್ತಾಳೆ ಕೊಳವೆಯೊಳಗೆ ತಿರುಗುತ್ತದೆ. ಕೊಳವೆಯ ಎರಡು ತುದಿಗಳಲ್ಲಿ ಬೇರಿಂಗ್, ನಡುವೆ ಗ್ರೀಸ್. ಗ್ರೀಸ್ ಘರ್ಷಣೆಯನ್ನು ತಗ್ಗಿಸುತ್ತದೆ, ನೀರನ್ನೂ ತಡೆಯುತ್ತದೆ. ಮೋಟಾರು ಮತ್ತು ಶಾಫ್ಟ್ ಒಂದೇ ನೇರದಲ್ಲಿರಬೇಕು.

ಮೋಟಾರಿಗೆ ಇನ್ನೊಂದು ಅಪಾಯವಿದೆ. 12 ವೋಲ್ಟ್ ಬ್ಯಾಟರಿ, ಸುರುಳಿಯ ರೋಧ 0.5 ಓಮ್ ಎಂದುಕೊಳ್ಳಿ. ಓಡುವಾಗ ಮೋಟಾರಿನಲ್ಲೇ 10 ವೋಲ್ಟ್ ವಿರುದ್ಧ ವಿದ್ಯುಚ್ಚಾಲಕ ಬಲ ಹುಟ್ಟಿದರೆ, ಹರಿಯುವ ಪ್ರವಾಹ 4 ಆಂಪಿಯರ್ ಮಾತ್ರ. ಪ್ರೊಪೆಲ್ಲರಿಗೆ ಜೊಂಡು ಸುತ್ತಿ ಮೋಟಾರು ನಿಂತರೆ ಆ ವಿರುದ್ಧ ಬಲ ಶೂನ್ಯ; ಪ್ರವಾಹ 24 ಆಂಪಿಯರ್! ಸುರುಳಿಯಲ್ಲಿ ಉಷ್ಣವಾಗುವ ಸಾಮರ್ಥ್ಯ 8 ವಾಟ್‌ನಿಂದ 288 ವಾಟ್‌ಗೆ, ಅಂದರೆ 36 ಪಟ್ಟು ಏರುತ್ತದೆ. ಕ್ಷಣಗಳಲ್ಲಿ ಸುರುಳಿ ಸುಡಬಹುದು. ಓಡುವ ಪ್ರವಾಹಕ್ಕಿಂತ ಸ್ವಲ್ಪ ಹೆಚ್ಚು ತಡೆಯುವ ಫ್ಯೂಸ್ ಇದ್ದರೆ ಅದು ಮೊದಲು ಕರಗಿ ಮೋಟಾರನ್ನು ಉಳಿಸುತ್ತದೆ.

ಶಾಲೆಯಲ್ಲಿ ಇಂಥ ದೋಣಿ ಮಾಡುವಾಗ ಬ್ಯಾಟರಿ ಜೋಡಿಸುವ ಮೊದಲು ಶಾಫ್ಟನ್ನು ಬೆರಳಿನಿಂದ ತಿರುಗಿಸಿ ನೋಡಿ. ಎಲ್ಲಿಯೂ ತಡೆಯದೆ ತಿರುಗಿದರೆ ಮಾತ್ರ ದೋಣಿಯನ್ನು ನೀರಿಗೆ ಬಿಡಿ.