ಎರಡನೆಯ ಹೆರಿಗೆ

ಎರಡನೆಯ ಹೆರಿಗೆ: ಆಗಲೇ ಒಂದು ಮಗುವಿರುವ ತಾಯಿ ಮತ್ತೊಂದನ್ನು ಹೆರುವುದು. ಮೈಯ ಲೆಕ್ಕದಲ್ಲಿ, ಮನೆಯ ಲೆಕ್ಕದಲ್ಲಿ, ಸರ್ಕಾರದ ಲೆಕ್ಕದಲ್ಲಿಯೂ ಇದು ಮೊದಲನೆಯದಕ್ಕಿಂತ ಬೇರೆ. ಮೊದಲ ಹೆರಿಗೆಗೆ ಕನ್ನಡದಲ್ಲಿ ಚೊಚ್ಚಲು ಎಂಬ ಸ್ವಂತ ಹೆಸರಿದೆ. ಎರಡನೆಯದಕ್ಕೆ ಬರೀ ಸಂಖ್ಯೆ. ಹುಟ್ಟಿದ ಮಗುವಿಗೂ ಹಾಗೆಯೇ. ಅದು ಅಣ್ಣನ ಅಥವಾ ಅಕ್ಕನ 'ಬೆನ್ನಿಗೆ ಬಿದ್ದದ್ದು'.

ಸರ್ಕಾರಿ ಆಸ್ಪತ್ರೆಯ ತಾಯಿ ಕಾರ್ಡಿನಲ್ಲಿ ಇಂಥ ಬಸುರಿಯ ಹೆಸರಿನ ಪಕ್ಕ 'ಜಿ2 ಪಿ1 ಎಲ್1' ಎಂದು ಬರೆದಿರುತ್ತದೆ: ಇದು ಎರಡನೆಯ ಬಸಿರು, ಹೆರಿಗೆ ಒಂದಾಗಿದೆ, ಮಗು ಒಂದು ಬದುಕಿದೆ. ಆ ಮೂರು ಅಂಕಿ ನೋಡಿದ ನರ್ಸಮ್ಮ ಮೊದಲು ಕೇಳುವುದು 'ಮನೆ ಎಷ್ಟು ದೂರ' ಎಂದು. ಕಾರಣವಿದೆ. ಚೊಚ್ಚಲಿನಲ್ಲಿ ಗರ್ಭಕೊರಳು ಮೊದಲು ತೆಳುವಾಗಿ ಆಮೇಲೆ ತೆರೆದುಕೊಳ್ಳುತ್ತದೆ. ಎರಡನೆಯ ಸಲ ಎರಡೂ ಸಾಮಾನ್ಯವಾಗಿ ಒಟ್ಟೊಟ್ಟಿಗೇ ನಡೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ, ಗರ್ಭಕೊರಳು 5 ಸೆಂಟಿಮೀಟರ್ ತೆರೆದ ಮೇಲಿನ ಬಿರುಸಿನ ಬೇನೆ ಚೊಚ್ಚಲಿನಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ನಂತರದವುಗಳಲ್ಲಿ 10 ಗಂಟೆ. ಮುಕ್ಕಿ ಹೆರುವ ಹಂತ ಕ್ರಮವಾಗಿ 3 ಮತ್ತು 2 ಗಂಟೆಯೊಳಗೆ ಮುಗಿಯುತ್ತದೆ. ಇವು ಮೇಲಿನ ಮಿತಿಗಳು. ಅನೇಕರಿಗೆ ಎರಡನೆಯದು ಇದಕ್ಕಿಂತ ಎಷ್ಟೋ ಬೇಗ ಆಗಿಬಿಡುತ್ತದೆ, ದಾರಿಯಲ್ಲೇ ಹೆತ್ತ ಕಥೆಗಳೂ ಅದಕ್ಕೇ ಹುಟ್ಟುತ್ತವೆ. ಹೊಟ್ಟೆಯೊಳಗಿನ ಮಿಸುಕಾಟವೂ ಈ ಸಲ ಒಂದೆರಡು ವಾರ ಮುಂಚೆ ಗೊತ್ತಾಗುತ್ತದೆ. ಮಗು ಬೇಗ ಮಿಸುಕಿತು ಎಂದಲ್ಲ, ಅದು ಹೇಗಿರುತ್ತದೆಂದು ತಾಯಿಗೆ ಗೊತ್ತಿದೆ.

ಹಗುರವಾಗದ ಒಂದು ನೋವೂ ಇದೆ. ಹೆತ್ತ ಮೇಲೆ ಗರ್ಭಕೋಶ ಕುಗ್ಗುವಾಗಿನ ಹಿಂಡುನೋವು ಚೊಚ್ಚಲಿನವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಎರಡನೆಯ ಸಲ ಜೋರು. ಮಗು ಮೊಲೆಗೆ ಬಾಯಿಟ್ಟ ಕೂಡಲೇ ಆಕ್ಸಿಟೋಸಿನ್ ಸ್ರವಿಸಿ ಹೊಟ್ಟೆ ಹಿಡಿದುಕೊಳ್ಳುತ್ತದೆ. ಆ ಹಿಡಿತವೇ ರಕ್ತಸ್ರಾವವನ್ನೂ ತಡೆಯುವುದು. 'ಎರಡನೆಯದಲ್ವಾ, ಎಲ್ಲಾ ಸಲೀಸು' ಎನ್ನುವ ನೆಂಟರಿಗೆ ಇದನ್ನು ಹೇಳಬೇಕು.

ಸಾಮಾನ್ಯವಾಗಿ ಎರಡನೆಯ ಮಗುವಿನಿಂದ ಕಾಡಲು ತೊಡಗುವ ಗಂಡಾಂತರವೆಂದರೆ ರಕ್ತ ಹೊಂದದಿರುವುದು. ತಾಯಿಯದು ಆರ್‌ಎಚ್ ನೆಗೆಟಿವ್, ಮೊದಲ ಮಗುವಿನದು ಪಾಸಿಟಿವ್ ಆಗಿದ್ದರೆ ಆ ಹೆರಿಗೆಯಲ್ಲಿ ಮಗುವಿನ ರಕ್ತದ ಕಣಗಳು ತಾಯಿಯ ಮೈ ಸೇರಿ, ಅವುಗಳ ವಿರುದ್ಧ ಪ್ರತಿಕಾಯ ತಯಾರಾಗಬಹುದು. ಚೊಚ್ಚಲು ಮಗು ಅಷ್ಟರಲ್ಲಿ ಹೊರಬಂದಿರುತ್ತದೆ. ಪೆಟ್ಟು ತಿನ್ನುವುದು ಮುಂದಿನ ಪಾಸಿಟಿವ್ ಮಗು: ರಕ್ತಹೀನತೆ, ಕಾಮಾಲೆ, ಕೆಲವೊಮ್ಮೆ ಸಾವು. ಹಳೆಯ ಕಾಲದಲ್ಲಿ 'ಮೊದಲನೆಯದು ಮಾತ್ರ ನಿಂತಿತು, ಆಮೇಲಿನವು ಉಳಿಯಲಿಲ್ಲ' ಎನ್ನುತ್ತಿದ್ದ ಮನೆಗಳಲ್ಲಿ ಕೆಲವಕ್ಕಾದರೂ ಇದೇ ಕಾರಣವಿದ್ದೀತು; ದೂರು ಮಾತ್ರ ಸೊಸೆಯ ಕಾಲ್ಗುಣದ ಮೇಲೆ ಹೋಗುತ್ತಿತ್ತು. ಇಂಥ ಬಸುರಿಗೆ 28ನೆಯ ವಾರದಲ್ಲಿ ಒಮ್ಮೆ, ಹೆತ್ತ 72 ಗಂಟೆಯೊಳಗೆ ಇನ್ನೊಮ್ಮೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಇದನ್ನು ಬಹುಮಟ್ಟಿಗೆ ತಡೆಯುತ್ತದೆ.

ಮೊದಲನೆಯದು ಸಿಸೇರಿಯನ್ ಆಗಿದ್ದರೆ ಎರಡನೆಯದೂ ಕತ್ತರಿಯದೇ ಎಂಬ ನಂಬಿಕೆ ಊರೂರಲ್ಲೂ ಇದೆ. ಅದು ಪೂರ್ತಿ ನಿಜವಲ್ಲ. ಕೊಯ್ತ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕಿದ್ದು ಬೇರೆ ತೊಡಕಿಲ್ಲದಿದ್ದರೆ, ಸಹಜ ಹೆರಿಗೆಗೆ ಪ್ರಯತ್ನಿಸುವ ನೂರರಲ್ಲಿ 60ರಿಂದ 80 ಮಂದಿಗೆ ಅದು ಸಾಧ್ಯವಾಗುತ್ತದೆ. ಹಳೆಯ ಹೊಲಿಗೆ ಬಿರಿಯುವ ಅಪಾಯ ಸಾವಿರಕ್ಕೆ ಐದರಿಂದ ಒಂಬತ್ತರಷ್ಟು. ಆದ್ದರಿಂದ ತುರ್ತು ಶಸ್ತ್ರಚಿಕಿತ್ಸೆಗೆ ಸಿದ್ಧವಿರುವ ಆಸ್ಪತ್ರೆಯಲ್ಲಿ ಮಾತ್ರ ಈ ಪ್ರಯತ್ನ ಸಲ್ಲುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತದೆ, ಶೇ 31.5 ಸಿಸೇರಿಯನ್. ಹಾಗಾಗಿ ಈ ಪ್ರಶ್ನೆ ಈಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮನೆಯದು.

ಎರಡು ಮಕ್ಕಳ ನಡುವಿನ ಅಂತರ ತಾಯಿಗಷ್ಟೇ ಸಂಬಂಧಿಸಿದ್ದಲ್ಲ. ಒಂದು ಹೆತ್ತು ಕನಿಷ್ಠ 24 ತಿಂಗಳು ಕಳೆದ ಮೇಲೆ ಮತ್ತೊಂದು ಬಸಿರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿರಿಯ ಕೂಸಿನ ಪಾಡನ್ನು ಒಂದು ರೋಗದ ಹೆಸರೇ ಹೇಳುತ್ತದೆ. ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಡಾ. ಸಿಸಿಲಿ ವಿಲಿಯಮ್ಸ್, ಮೈ ಊದಿ ಕೂದಲು ಕೆಂಚಾದ ಮಕ್ಕಳ ಕಾಯಿಲೆಗೆ ಅಲ್ಲಿನ ಗಾ ಭಾಷೆಯ ಕ್ವಾಷಿಯೋರ್ಕರ್ ಎಂಬ ಪದವನ್ನೇ 1935ರಲ್ಲಿ ವೈದ್ಯಲೋಕಕ್ಕೆ ತಂದರು. ಮುಂದಿನ ಮಗು ಹುಟ್ಟಿದಾಗ ಹಿಂದಿನದಕ್ಕೆ ತಗಲುವ ಕಾಯಿಲೆ ಎಂಬುದು ಅದರ ಅರ್ಥ. ನಮ್ಮಲ್ಲಿಯೂ ತಾಯಿ ಬಸುರಾದಳೆಂದು ತಿಳಿದ ಕೂಡಲೇ ಮೊಲೆಗೆ ಬೇವಿನ ರಸ ಹಚ್ಚಿ ಹಿರಿಯದಕ್ಕೆ ಹಾಲು ಬಿಡಿಸುವುದಿತ್ತು. ಬಸುರಿಯ ಹಾಲು ಕೆಟ್ಟದ್ದೇನಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಹಾಲಿನ ಬದಲಿಗೆ ಬರೀ ಗಂಜಿನೀರು ಸಿಕ್ಕರೆ ಮಗು ಸೊರಗುವುದು ಖಂಡಿತ.

ಚೊಚ್ಚಲ ಹೆರಿಗೆ ತವರಿನದು ಎಂಬ ರೂಢಿ ಕರ್ನಾಟಕದ ಬಹುಪಾಲು ಕಡೆ ಗಟ್ಟಿ. ಸೀಮಂತವೂ, ಬಡಗಣ ಸೀಮೆಯ ಕುಬಸವೂ ಮೊದಲ ಬಸಿರಿನಲ್ಲೇ ಸಂಭ್ರಮ. ಸೀಮಂತ ಒಮ್ಮೆ ಆದರೆ ಸಾಕೋ ಪ್ರತಿ ಬಸಿರಿಗೂ ಬೇಕೋ ಎಂದು ಧರ್ಮಶಾಸ್ತ್ರಕಾರರೇ ಒಮ್ಮತಕ್ಕೆ ಬಂದಿಲ್ಲ. ಎರಡನೆಯದಕ್ಕೆ ಎಲ್ಲಿ, ಯಾರು ಎಂಬುದು ಜಾತಿಯಿಂದ ಜಾತಿಗೆ, ಊರಿಂದ ಊರಿಗೆ ಬೇರೆ. ಹಿರಿಯ ಮಗುವಿನ ಶಾಲೆ ಈಗ ಆ ತೀರ್ಮಾನ ಮಾಡುತ್ತದೆ. ಬಾಣಂತಿ ತವರಿಗೆ ಹೋಗುವ ಬದಲು ಅವಳ ಅಮ್ಮನೇ ಅಂಟಿನ ಉಂಡೆಯ ಡಬ್ಬಿ ಹೊತ್ತು ಮಗಳ ಮನೆಗೆ ಬರುತ್ತಾಳೆ. ಕೊಬ್ಬರಿ, ಉತ್ತುತ್ತಿ, ಬೆಲ್ಲ, ತುಪ್ಪದಲ್ಲಿ ಅರಳಿಸಿದ ಅಂಟು. ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಹಾಲು ಹೆಚ್ಚಲೆಂದು ಸಬ್ಬಸಿಗೆ ಸೊಪ್ಪು. ನೀರು ಕಡಿಮೆ ಕುಡಿಸುವ ಹಳೆಯ ಪಥ್ಯವೊಂದು ಮಾತ್ರ ಹಾಲೂಡುವವಳಿಗೆ ತೊಂದರೆಯೇ. ಉಳಿದ ಊಟ ಬಹುಪಾಲು ಸೊಗಸಾದದ್ದು.

ಮಗುವಿಗೆ ನೀರು ಹಾಕುವ ಹೊತ್ತು ಮನೆಯ ದೊಡ್ಡ ಪ್ರದರ್ಶನ. ಅಜ್ಜಿ ಮಣೆಯ ಮೇಲೆ ಕೂತು ಕಾಲು ನೀಡಿ, ಅದರ ಮೇಲೆ ಮಗುವನ್ನು ಮಲಗಿಸಿ, ಎಣ್ಣೆ ನೀವಿ ಬಿಸಿನೀರು ಎರೆಯುತ್ತಾಳೆ. ಹಿರಿಯದು ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತದೆ. ಆಮೇಲೆ ತನಗೂ ಸಾಂಬ್ರಾಣಿ ಹೊಗೆ ಬೇಕೆಂದು ಹಠ. ಮಗು ಹುಟ್ಟಿದ ವಾರದಲ್ಲೇ ಹಿರಿಯದು ಮತ್ತೆ ಹಾಸಿಗೆ ಒದ್ದೆ ಮಾಡುವುದು, ತೊದಲುವುದು, ತೊಟ್ಟಿಲು ಹತ್ತುವುದು ರೋಗವಲ್ಲ. ತನ್ನ ಜಾಗ ಹೋಯಿತೆಂಬ ಭಯ. ಜಾಣ ಅಜ್ಜಿಯರು ಹಸುಗೂಸಿನ ಪಕ್ಕ ಕಲ್ಲುಸಕ್ಕರೆ ಇಟ್ಟು 'ತಮ್ಮ ನಿನಗೆ ತಂದದ್ದು' ಎನ್ನುತ್ತಾರೆ. ಸುಳ್ಳೇ, ಆದರೆ ಕೆಲಸ ಮಾಡುತ್ತದೆ.

ಹೊಸ ಕೂಸಿಗೆ ಮೊದಲು ಹೊಸಬಟ್ಟೆ ತೊಡಿಸದೆ ಹಳೆಯ ಮೆದು ಬಟ್ಟೆ ಹೊದಿಸುವ ಪದ್ಧತಿಗೆ ಅಣ್ಣನ ಅಂಗಿ ಸರಿಯಾಗಿ ಒದಗುತ್ತದೆ. ಕಲಘಟಗಿಯ ಅರಗಿನ ಬಣ್ಣದ ಮರದ ತೊಟ್ಟಿಲೂ ಹಾಗೆಯೇ ಕೂಸಿನಿಂದ ಕೂಸಿಗೆ, ಮನೆಯಿಂದ ಮನೆಗೆ ಸಾಗುವಂಥದು.

ಆಸ್ಪತ್ರೆಗಳಿಲ್ಲದ ಕಾಲದಲ್ಲಿ ಹೆರಿಗೆಯ ಭಾರವೆಲ್ಲ ಸೂಲಗಿತ್ತಿಯರ ಮೇಲಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದರು. ತಾವೇ 12 ಮಕ್ಕಳ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು.

ಸರ್ಕಾರ ಮಗುವಿನ ಕ್ರಮಾಂಕವನ್ನು ಮನೆಯವರಿಗಿಂತ ಬಿಗಿಯಾಗಿ ಎಣಿಸುತ್ತದೆ. ಈ ಕಾಳಜಿ ಹಳೆಯದು: 1930ರಲ್ಲೇ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಸರ್ಕಾರಿ ಕ್ಲಿನಿಕ್‌ಗಳಿಗೆ ಆದೇಶ ಹೊರಡಿಸಿತ್ತು. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ, ಎರಡು ಮಕ್ಕಳಿರುವವಳು ಮತ್ತೆ ಹೆತ್ತರೆ 12 ವಾರ ಎಂದು ಗೊತ್ತುಮಾಡಿತು. ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲಿಗೆ ₹5,000 ನೆರವು. ಎರಡನೆಯದಕ್ಕೆ ₹6,000, ಅದೂ ಹೆಣ್ಣಾದರೆ ಮಾತ್ರ. ಹೆಣ್ಣು ಮಗು ಬೇಡವೆನ್ನುವವರ ಮನಸ್ಸು ತಿರುಗಿಸಲು ಈ ನಿಯಮ. ಗಂಡು ಹೆತ್ತವಳ ಬಾಣಂತನದ ಖರ್ಚೇನೂ ಇದರಿಂದ ಇಳಿಯುವುದಿಲ್ಲ.

ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಎಂದು 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಂದರೆ ಬಹುಪಾಲು ಮನೆಗಳಲ್ಲಿ ಎರಡನೆಯ ಹೆರಿಗೆಯೇ ಕಡೆಯದು, ಅನೇಕ ಬಾಣಂತಿಯರು ಮನೆಗೆ ಮರಳುವುದು 'ಆಪರೇಷನ್' ಮುಗಿಸಿಕೊಂಡೇ. ರಾಜ್ಯದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ವ್ಯಾಸೆಕ್ಟಮಿ ಅದಕ್ಕಿಂತ ಸರಳವಾದರೂ ಸಮೀಕ್ಷೆಯ ಕೋಷ್ಟಕದಲ್ಲಿ ಸೊನ್ನೆಗೆ ಅಂಟಿಕೊಂಡಿದೆ.